ಅಮ್ಮನಿಗೆ ಕಾಯಿಲೆಯ ಹೆಸರೇ ಹೇಳಿಲ್ಲ, ಈಗ ಮಾತೇ ನಿಲ್ಲಿಸಿದ್ದಾರೆ. ಏನು ಮಾಡಬೇಕು?

ಕೇಳಿದ್ದು: ಮನೆ ಬೆಂಗಳೂರಿನ ವಿಜಯನಗರದಲ್ಲಿ. ಅಮ್ಮನಿಗೆ 61 ವರ್ಷ, ಸ್ತನ ಕ್ಯಾನ್ಸರ್, ಎರಡು ಕೀಮೋ ಮುಗಿದಿದೆ. ‘ಗಡ್ಡೆ, ಔಷಧಿಗೆ ಕರಗುತ್ತೆ’ ಅಂತಷ್ಟೇ ಹೇಳಿದ್ದೇವೆ. ಊಟ ಬಿಟ್ಟಿದ್ದಾರೆ, ನಿದ್ದೆಯಿಲ್ಲ, ಗೋಡೆ ಕಡೆ ತಿರುಗಿ ಮಲಗಿರುತ್ತಾರೆ. ಅಪ್ಪ ‘ತಿನ್ನು, ಧೈರ್ಯ ತಂದ್ಕೋ’ ಅಂತ ರೇಗುತ್ತಾರೆ. ಹುಬ್ಬಳ್ಳಿಯ ಅಣ್ಣ ದಿನಕ್ಕೆ ಮೂರು ಸಲ ಫೋನ್ ಮಾಡಿ ಸಲಹೆ ಕೊಡುತ್ತಾನೆ.

ಆಪ್ತಸಮಾಲೋಚಕಿ: ನಿಮ್ಮ ತಾಯಿಗೆ ಬಹುತೇಕ ಗೊತ್ತಾಗಿರುತ್ತದೆ. ಕೂದಲು ಉದುರಿದೆ, ಪಕ್ಕದ ಮಂಚದವರು ಮಾತಾಡಿರುತ್ತಾರೆ, ನೀವು ಅಡುಗೆಮನೆಯಲ್ಲಿ ಪಿಸುಗುಟ್ಟುವುದು ಕೇಳಿಸಿರುತ್ತದೆ. ನೀವು ಅವರನ್ನು ಕಾಪಾಡಲು ಮುಚ್ಚಿಡುತ್ತೀರಿ, ಅವರು ನಿಮ್ಮನ್ನು ಕಾಪಾಡಲು ಗೊತ್ತಿಲ್ಲದಂತೆ ಇರುತ್ತಾರೆ. ಕೊನೆಗೆ ಭಯವನ್ನು ಹೇಳಿಕೊಳ್ಳಲು ಅವರಿಗೆ ಮನೆಯಲ್ಲಿ ಒಬ್ಬರೂ ಉಳಿಯುವುದಿಲ್ಲ.

ಹಾಗಂತ ಹೋಗಿ ‘ನಿನಗೆ ಕ್ಯಾನ್ಸರ್’ ಅನ್ನಬೇಡಿ. ಮೊದಲು ಕೇಳಿ. ಕೀಮೋ ದಿನ ಬೇಡ, ಮರುದಿನವೂ ಬೇಡ. ಟಿವಿ ಆರಿಸಿ, ಅವರು ಹೆಚ್ಚು ಸಲಿಗೆಯಿಂದಿರುವ ಒಬ್ಬರು ಮಾತ್ರ ಪಕ್ಕದಲ್ಲಿ ಕೂರಲಿ. ‘ಅಮ್ಮಾ, ನಿನಗೆ ಏನಾಗಿದೆ ಅಂತ ನಿನಗನ್ನಿಸುತ್ತೆ?’ ಎಂದು ಕೇಳಿ ಸುಮ್ಮನಿರಿ. ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ಹೆಚ್ಚಿನವರು ಎಡವುವುದು ಇಲ್ಲೇ, ಆ ಮೌನ ತಡೆಯಲಾಗದೆ ‘ಏನೂ ಇಲ್ಲ ಬಿಡು’ ಅಂದುಬಿಡುತ್ತಾರೆ, ಬಾಗಿಲು ಮುಚ್ಚಿಹೋಗುತ್ತದೆ. ಆಮೇಲೆ: ‘ಡಾಕ್ಟ್ರು ಹೇಳಿದ್ದೆಲ್ಲ ನಿನಗೂ ಹೇಳ್ಲಾ, ಇಲ್ಲ ನಾವು ನೋಡ್ಕೊಂಡ್ರೆ ಸಾಕಾ?’ ‘ನೀವೇ ನೋಡ್ಕೊಳ್ಳಿ’ ಅಂದರೆ ಅದೂ ಉತ್ತರವೇ, ಅಲ್ಲಿಗೆ ನಿಲ್ಲಿಸಿ, ಮುಂದಿನ ಕೀಮೋಗೆ ಮುಂಚೆ ಇನ್ನೊಮ್ಮೆ ಕೇಳಿ. ‘ಹೇಳು’ ಅಂದರೆ ಕೇಳಿದಷ್ಟೇ ಹೇಳಿ. ಎಷ್ಟು ವರ್ಷ ಬದುಕುತ್ತಾರೆ ಅನ್ನುವ ಲೆಕ್ಕವನ್ನು ಅವರು ಕೇಳದೆ ತರಬೇಡಿ. ಅತ್ತರೆ ಅಳಲಿ, ಕೈ ಹಿಡಿದುಕೊಂಡಿರಿ.

ಇನ್ನೊಂದು: ಕೀಮೋಗೆ ಒಪ್ಪಿಗೆ ಕೊಡಬೇಕಾದವರು ಅವರು. ತಿಳುವಳಿಕೆಯಿರುವ ವಯಸ್ಕ ರೋಗಿಯ ಸಹಿಯ ಜಾಗದಲ್ಲಿ ಮಗ ಸಹಿ ಹಾಕುವುದು ಸರಿಯಲ್ಲ.

ಕ್ಯಾನ್ಸರ್ ವಾರ್ಡ್ ನರ್ಸ್: ಮನಸ್ಸಿನದು ಅನ್ನುವ ಮುಂಚೆ ದೇಹ ನೋಡಿ. ಕೀಮೋ ಜೊತೆ ಡೆಕ್ಸಾಮೆಥಾಸೋನ್ ಕೊಡುತ್ತಿದ್ದಾರಾ? ವಾಂತಿ ಮತ್ತು ಅಲರ್ಜಿ ತಡೆಯಲು ಕೊಡುವ ಸ್ಟೀರಾಯ್ಡ್ ಅದು. ತೆಗೆದುಕೊಳ್ಳುವಷ್ಟು ದಿನ ನಿದ್ದೆ ಕೆಡಿಸುತ್ತದೆ, ಸಿಡುಕು ತರುತ್ತದೆ, ನಿಲ್ಲಿಸಿದ ಮೇಲೆ ಒಂದೆರಡು ದಿನ ಮಂಕು ಕವಿಯುತ್ತದೆ. ರಾತ್ರಿಯ ಡೋಸ್ ಇದ್ದರೆ ಬೆಳಿಗ್ಗೆ ತಿಂಡಿ ಆದಮೇಲೆ ಕೊಡಬಹುದಾ ಅಂತ ಡಾಕ್ಟರ್ ಹತ್ತಿರ ಕೇಳಿ, ನೀವಾಗಿ ಬದಲಿಸಬೇಡಿ.

ಟಾರ್ಚ್ ಹಿಡಿದು ಬಾಯಿ ನೋಡಿ. ಹುಣ್ಣಿದ್ದರೆ ‘ಹಸಿವಿಲ್ಲ’ ಅನ್ನುವುದು ಹಟವಲ್ಲ, ನೋವು. ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ, ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಲಿ, ನುಂಗಬಾರದು. ಒಗ್ಗರಣೆ ವಾಸನೆಗೇ ವಾಕರಿಕೆ ಬರಬಹುದು, ಆರಿದ ಮೊಸರನ್ನ, ಗಂಜಿ, ಆರು ಸಲ ಸ್ವಲ್ಪ ಸ್ವಲ್ಪ. ತುಂಬಿದ ತಟ್ಟೆ ಎದುರಿಗಿಟ್ಟು ಕಾವಲು ಕೂತರೆ ಎರಡು ತುತ್ತೂ ಇಳಿಯಲ್ಲ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆ. ಇದ್ದಕ್ಕಿದ್ದಂತೆ ಗೊಂದಲದ ಮಾತು, ಹಗಲು ರಾತ್ರಿ ಗೊತ್ತಾಗದಿರುವುದು ಶುರುವಾದರೂ ಅಷ್ಟೇ, ಸೋಂಕು ಅಥವಾ ಸೋಡಿಯಂ ಇಳಿತದಿಂದಲೂ ಹಾಗಾಗುತ್ತದೆ.

ಮನೋವೈದ್ಯ: ಎರಡು ವಾರ ಕಳೆದರೂ ಮೊಮ್ಮಗುವಿನ ದನಿಗೂ ಮುಖ ತಿರುಗಿಸದಿದ್ದರೆ, ‘ನಾನಿದ್ದು ಏನು ಪ್ರಯೋಜನ’ ಅಂದರೆ, ಅದು ಬರೀ ದುಃಖವಲ್ಲ. ‘ಸಾಯಬೇಕು ಅನ್ನಿಸುತ್ತಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಸೊನ್ನೆಯಿಂದ ಹತ್ತರೊಳಗೆ ಸಂಕಟ ಎಷ್ಟು ಅಂತ ಕೇಳಿ, ನಾಲ್ಕು ಅಥವಾ ಹೆಚ್ಚು ಹೇಳಿದರೆ ಕ್ಯಾನ್ಸರ್ ಡಾಕ್ಟರಿಗೆ ತಿಳಿಸಿ. ಖಿನ್ನತೆಯ ಮಾತ್ರೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು, ನಾಲ್ಕು ದಿನಕ್ಕೆ ಬಿಡಬೇಡಿ. ಮುಂದೆ ಸ್ತನ ಕ್ಯಾನ್ಸರ್ ಮರುಕಳಿಸದಿರಲೆಂದು ಟಮಾಕ್ಸಿಫೆನ್ ಮಾತ್ರೆ ಬರೆದುಕೊಟ್ಟರೆ ಮನೋವೈದ್ಯರಿಗೆ ಅದನ್ನು ತಪ್ಪದೆ ಹೇಳಿ: ಖಿನ್ನತೆಗೆ ಕೊಡುವ ಪ್ಯಾರೊಕ್ಸೆಟಿನ್, ಫ್ಲೂಆಕ್ಸೆಟಿನ್ ಅದರ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಮಧ್ಯರಾತ್ರಿ ತೋಚದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.

‘ಧೈರ್ಯ ಇದ್ರೆ ವಾಸಿಯಾಗುತ್ತೆ’ ಅನ್ನುವುದನ್ನು ದಯವಿಟ್ಟು ಬಿಡಿ. ಗುಂಪಾಗಿ ಕೂತು ಮನಸ್ಸಿನ ಮಾತು ಹಂಚಿಕೊಳ್ಳುವ ಗುಂಪು ಚಿಕಿತ್ಸೆ ಪಡೆದ ಸ್ತನ ಕ್ಯಾನ್ಸರ್ ರೋಗಿಗಳು ಹೆಚ್ಚು ಕಾಲ ಬದುಕಿದರು ಎಂದು 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗೆಲ್ ಪ್ರಕಟಿಸಿದ್ದರು. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಆಯಸ್ಸು ಹೆಚ್ಚಿದ್ದು ಕಾಣಲಿಲ್ಲ, ಸಂಕಟ ತಗ್ಗಿದ್ದು ಕಂಡಿತು. ಸಂಕಟ ತಗ್ಗುವುದೇ ದೊಡ್ಡದು. ಗಡ್ಡೆ ಬೆಳೆದರೆ ‘ನಾನು ಧೈರ್ಯಗೆಟ್ಟೆ, ಅದಕ್ಕೇ’ ಅನ್ನುವ ಅಪರಾಧವನ್ನು ಅವರ ತಲೆಗೆ ಕಟ್ಟಬೇಡಿ.

ಮನೆ ಆರೈಕೆಯವರಿಗೆ ತರಬೇತಿ ಕೊಡುವವರು: ಅಪ್ಪನ ರೇಗಾಟ ಹೆದರಿಕೆಯದು. ಅಳತೆಯ ಕೆಲಸ ಕೊಡಿ: ಎರಡು ಹೊತ್ತು ಜ್ವರ ನೋಡಿ ಬರೆಯುವುದು, ಮಾತ್ರೆ ಡಬ್ಬಿ ತುಂಬುವುದು, ಸಂಜೆ ಕಾಲು ಗಂಟೆ ಊಟದ ಸುದ್ದಿ ಎತ್ತದೆ ಪಕ್ಕ ಕೂರುವುದು. ಅಣ್ಣನಿಗೆ ರಾತ್ರಿ ಒಂದೇ ವಾಟ್ಸಾಪ್ ಸಂದೇಶ ಸಾಕು. ಸಲಹೆಗೆ ಬದಲು ತಿಂಗಳಿಗೆ ನಾಲ್ಕು ದಿನ ಬಂದಿರಲಿ. ಕೀಮೋ ಆದ ಏಳರಿಂದ ಹದಿನಾಲ್ಕನೇ ದಿನದವರೆಗೆ ಸಾಮಾನ್ಯವಾಗಿ ಬಿಳಿ ರಕ್ತಕಣ ತೀರ ಇಳಿದಿರುತ್ತದೆ, ನೋಡಲು ಬರುವವರನ್ನು ಆಗ ಬೇಡವೆನ್ನಿ.

ಅವರ ಕೈಯಿಂದ ಎಲ್ಲ ಕೆಲಸ ಕಿತ್ತುಕೊಂಡಿದ್ದೀರಾ ನೋಡಿ. ಹಾಲಿನ ಲೆಕ್ಕ, ನೆನೆಸಿಟ್ಟ ಅವರೆಕಾಳು ಹಿಸುಕುವುದು, ಸಾರಿಗೆ ಉಪ್ಪು ಸರಿಯಿದೆಯಾ ಅಂತ ಹೇಳುವುದು ಅವರದೇ ಆಗಿರಲಿ. ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧಿ ಕೊಡುತ್ತಿದ್ದರೆ ಬೆರಳ ತುದಿ ಜೋಮು ಹಿಡಿದಿರಬಹುದು, ಈಳಿಗೆ, ಬಿಸಿ ಪಾತ್ರೆ ಮಾತ್ರ ದೂರವಿಡಿ.