ಸಹಾಯ ಬೇಕು: ನಾಲ್ಕೂವರೆ ವರ್ಷದ ಮಗನ ಮಾತು ತಡೆಯುತ್ತಿದೆ

ನಮಸ್ಕಾರ. ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳನ್ನು ಬೆಳೆಸುತ್ತಿರುವ ಅಥವಾ ಬೆಳೆಸಿದ ತಂದೆತಾಯಂದಿರಿಂದ ಒಂದು ವಿಷಯದಲ್ಲಿ ಸಲಹೆ ಬೇಕಾಗಿದೆ.

ನಾಲ್ಕೂವರೆ ವರ್ಷದ ನನ್ನ ಮಗ ಉದ್ದುದ್ದ ವಾಕ್ಯಗಳಲ್ಲಿ ಕಥೆ ಹೇಳುತ್ತಾನೆ, ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುತ್ತಾನೆ, ಅವನ ಪ್ರಶ್ನೆಗಳಿಗಂತೂ ಬಿಡುವೇ ಇಲ್ಲ. ಉಳಿದ ಬೆಳವಣಿಗೆಯ ಬಗ್ಗೆ ನನಗೆ ಚಿಂತೆಯಿಲ್ಲ. ಆದರೆ ಕೆಲವು ತಿಂಗಳುಗಳಿಂದ ಮಾತು ತಡೆಯುತ್ತಿದೆ. 2ರಿಂದ 5 ವರ್ಷದೊಳಗೆ, ಭಾಷೆ ವೇಗವಾಗಿ ಬೆಳೆಯುವಾಗ, ಇಡೀ ಪದವನ್ನೇ ಮತ್ತೆ ಮತ್ತೆ ಹೇಳುವುದು ಅನೇಕ ಮಕ್ಕಳಲ್ಲಿ ಸಹಜವೆಂದೂ, ತೊದಲಲು ಆರಂಭಿಸಿದವರಲ್ಲಿ ಹೆಚ್ಚಿನವರಿಗೆ ಅದು ತಾನಾಗಿಯೇ ಹೋಗುತ್ತದೆಂದೂ ಓದಿದ್ದೇನೆ. ಅಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಇವನು "ಬ... ಬ... ಬಣ್ಣ" ಎಂದು ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಾನೆ, ಕಣ್ಣು ಬಿಗಿಯಾಗಿ ಮುಚ್ಚುತ್ತಾನೆ, ಕೆಲವೊಮ್ಮೆ "ಬೇಡ ಬಿಡು" ಎಂದು ಅರ್ಧಕ್ಕೇ ಸುಮ್ಮನಾಗುತ್ತಾನೆ. ಅವನ ಸೋದರಮಾವನಿಗೆ ಇಂದಿಗೂ ತೊದಲಿದೆ. ತೊದಲಿಗೂ ಆನುವಂಶಿಕತೆಗೂ ಸಂಬಂಧವಿರುವುದರಿಂದ, "ದೊಡ್ಡವನಾದರೆ ಸರಿಹೋಗುತ್ತದೆ" ಎಂಬ ಹಿರಿಯರ ಮಾತನ್ನು (ಪ್ರೀತಿಯಿಂದಲೇ ಹೇಳುತ್ತಾರೆ) ಒಪ್ಪಿ ಕೂರಲು ಮನಸ್ಸು ಬರುತ್ತಿಲ್ಲ.

ವಾಕ್ ಚಿಕಿತ್ಸಕರ ಭೇಟಿ ಗೊತ್ತುಪಡಿಸಿದ್ದೇನೆ. ಮೊದಲ ಭೇಟಿಯಲ್ಲಿ ಏನೇನು ಕೇಳುತ್ತಾರೆ, ಮನೆಯ ಮಾತುಕತೆಯ ರೆಕಾರ್ಡಿಂಗ್ ಒಯ್ದರೆ ಉಪಯೋಗವಾಗುತ್ತದೆಯೇ? "ನಿಧಾನವಾಗಿ ಹೇಳು" ಎನ್ನದೆ ನಾವೇ ನಿಧಾನವಾಗಿ ಮಾತನಾಡುತ್ತ, ಅವನು ಮುಗಿಸುವವರೆಗೆ ಕಾಯುತ್ತಿದ್ದೇವೆ. ಆದರೆ ಅವನ ಅಕ್ಕ ಅವಸರಪಟ್ಟು ಅವನ ವಾಕ್ಯವನ್ನು ತಾನೇ ಪೂರ್ಣಗೊಳಿಸಿಬಿಡುತ್ತಾಳೆ. ಅವಳಿಗೂ ಏಳೇ ವರ್ಷ. ಗದರದೆ ಅವಳನ್ನು ತಡೆಯುವುದು ಹೇಗೆ, ಮಗುವಿಗೆ ಹಣೆಪಟ್ಟಿ ಅಂಟದಂತೆ ಶಿಕ್ಷಕಿಗೆ ವಿಷಯ ತಿಳಿಸುವುದು ಹೇಗೆ ಎಂಬುದನ್ನು ಅನುಭವವಿದ್ದವರು ದಯವಿಟ್ಟು ಬರೆಯಿರಿ.