ಎಕೋಲೇಲಿಯಾಗೆ ‘ಗಿಳಿಪಾಠ’ ಸರಿಯಾ?

ಗೆಳೆಯರೇ,

ಆಟಿಸಂ ಇರುವ ಮಕ್ಕಳ ಅಪ್ಪ ಅಮ್ಮಂದಿರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಎಕೋಲೇಲಿಯಾ’ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಕೇಳಿದ ಮಾತನ್ನು ಹಾಗೇ ತಿರುಗಿ ಹೇಳುವುದು ಅಂತ ಅರ್ಥ. ಕರಡಿನಲ್ಲಿ ‘ಗಿಳಿಪಾಠ’ ಅಂತ ಹಾಕಿದ್ದೆ. ಈಗ ಅದು ಬೇಡ ಅನ್ನಿಸುತ್ತಿದೆ.

ಕಾರಣ ನನ್ನ ಅಕ್ಕನ ಮಗ. ಏಳು ವರ್ಷ, ಮನೆ ಬನಶಂಕರಿ. ಹೋದ ತಿಂಗಳು ಮಲ್ಲೇಶ್ವರದ ಛತ್ರವೊಂದರಲ್ಲಿ ಮದುವೆ. ವಾಲಗ ಜೋರಾಯಿತು. ಅವನು ಎರಡೂ ಕಿವಿ ಮುಚ್ಚಿಕೊಂಡು, ಥೇಟ್ ಮೆಟ್ರೋ ದನಿಯಲ್ಲೇ, ‘ಮುಂದಿನ ನಿಲ್ದಾಣ ಬನಶಂಕರಿ’ ಅಂದ. ಪಕ್ಕದವರು ನಕ್ಕರು, ‘ಒಳ್ಳೇ ಗಿಳಿ ಥರ ಹೇಳ್ತಾನೆ!’ ಅಂತ. ಅಕ್ಕ ಚಪ್ಪಲಿ ಹುಡುಕಲು ಎದ್ದಳು. ಊಟಕ್ಕೂ ಕೂರಲಿಲ್ಲ.

ಗಿಳಿಪಾಠ ಅಂದರೆ ಅರ್ಥ ತಿಳಿಯದೆ ಒಪ್ಪಿಸುವುದು. ಇಲ್ಲಿ ತಿಳಿಯದೇ ಹೋದದ್ದು ಕೇಳಿದವರಿಗೆ. ಕೂಡಲೇ ತಿರುಗಿ ಹೇಳುವುದರಲ್ಲಿ ಏಳು ಬಗೆಯ ಉದ್ದೇಶ ಇರುತ್ತದೆ ಅಂತ ಮಾತು-ಭಾಷಾ ತಜ್ಞರಾದ ಪ್ರಿಜಾಂಟ್ ಮತ್ತು ಡುಚನ್ 1981ರಲ್ಲೇ ಬರೆದಿದ್ದರು. ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ‘ಡಬಲ್ ಎಂಪಥಿ’ ಅಂದದ್ದೂ ಇದನ್ನೇ: ಅರ್ಥವಾಗದ ತೊಂದರೆ ಎರಡೂ ಕಡೆಯದು.

ಇನ್ನೊಂದು ಸ್ವಾರಸ್ಯ. ಈ ಮಕ್ಕಳು ‘ಹೌದು’ ಅನ್ನಲು ಪ್ರಶ್ನೆಯನ್ನೇ ಮತ್ತೆ ಹೇಳುತ್ತಾರೆ ಅಂತ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಗುರುತಿಸಿದ. ಕನ್ನಡದ ಕಿವಿಗೆ ಇದು ಅಷ್ಟೇನೂ ವಿಚಿತ್ರ ಅಲ್ಲ, ಅಲ್ವಾ? ‘ಊಟ ಆಯ್ತಾ?’ ‘ಆಯ್ತು.’ ‘ಬಂದ್ರಾ?’ ‘ಬಂದ್ರು.’ ನಾವು ‘ಹೌದು’ ಅನ್ನುವುದೇ ಕಡಿಮೆ. ಕೊನೆಯ ದನಿ ಬದಲಿಸಿ ಅದೇ ಮಾತನ್ನು ವಾಪಸ್ ಕೊಡುತ್ತೇವೆ. ನಮ್ಮ ಹುಡುಗ ಅದನ್ನೂ ಬದಲಿಸುವುದಿಲ್ಲ, ಅಷ್ಟೇ. ‘ದೋಸೆ ಬೇಕಾ?’ ಅಂದರೆ ‘ದೋಸೆ ಬೇಕಾ’ ಅಂತ ತಟ್ಟೆ ಮುಂದೆ ತಳ್ಳುತ್ತಾನೆ.

‘ಪ್ರತಿಧ್ವನಿ’ ಬೇಡ, ಅದು ಗೋಡೆಯ ಕೆಲಸ. ‘ಮರುನುಡಿ’ ಹೇಗೆ? ಮರುಮುದ್ರಣದಲ್ಲಿ ‘ಮರು’ ಅಂದರೆ ಮತ್ತೊಮ್ಮೆ, ಮರುಟಪಾಲಿನಲ್ಲಿ ಉತ್ತರ. ನನಗೆ ಎರಡೂ ಬೇಕು. ಆದರೆ ‘ಮರುಮಾತಾಡಬೇಡ’ ಅಂತ ಗದರಿಸುವುದೂ ಇದೆಯಲ್ಲ, ಹಾಗಾಗಿ ಎದುರುತ್ತರದ ವಾಸನೆ ಬರುತ್ತದೋ ಅಂತ ಅನುಮಾನ.

ಮೆಟ್ರೋ ಮಾತಿನ ಹಾಗೆ ಎಷ್ಟೋ ದಿನದ ಮೇಲೆ ಬರುವುದಕ್ಕೆ ಬೇರೆ ಹೆಸರು ಬೇಕು. ‘ತಡವಾದ’ ಅಂದರೆ ಮಗು ಏನೋ ತಪ್ಪು ಮಾಡಿದ ಹಾಗೆ ಕೇಳುತ್ತದೆ. ‘ನೆನಪಿನ ಮರುನುಡಿ’ ಅನ್ನಬಹುದಾ? ನಿಮ್ಮ ಕಡೆ ಅಜ್ಜಿಯರು ಇದಕ್ಕೆ ಬೇರೆ ಏನಾದರೂ ಅನ್ನುತ್ತಿದ್ದರೆ ದಯವಿಟ್ಟು ತಿಳಿಸಿ.