ಶಾಲೆ ಕಟ್ಟಡಕ್ಕೆ ಯಾವ ಸಾಮಾನು ಹಾಕಿಸಬೇಕು? ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಅಧ್ಯಕ್ಷರು, ಮದ್ದೂರು ತಾಲ್ಲೂಕು

ನಮಸ್ಕಾರ ಸರ್. ನಮ್ಮೂರ ಸರ್ಕಾರಿ ಶಾಲೆಗೆ ಎರಡು ಹೊಸ ಕೊಠಡಿ ಮಂಜೂರಾಗಿವೆ, ಪಾಯ ಮುಗಿದಿದೆ. ಕಂಟ್ರಾಕ್ಟರ್ ಮೊನ್ನೆ ಬಂದು ಎರಡಡಿ ಬೈ ಎರಡಡಿ ಬಿಳಿ ಹೊಳಪಿನ ಟೈಲ್ಸ್ ತೋರಿಸಿದ್ರು, ಕಿಟಕಿಗೆ ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕ್ತೀವಿ ಅಂದ್ರು. ನೋಡೋಕೆ ಚೆನ್ನಾಗಿದೆ, ಊರವರಿಗೂ ಇಷ್ಟ ಆಗಿದೆ. ಒಪ್ಕೋಬಹುದಾ? ಕಂಬಿ, ಸಿಮೆಂಟ್ ಬಂದಾಗ ನಮ್ಮಂಥ ರೈತರು ಏನು ನೋಡಬೇಕು?

ಉತ್ತರ: ಸಿವಿಲ್ ಎಂಜಿನಿಯರ್, ಮಂಡ್ಯ

ಅಧ್ಯಕ್ಷರೇ, ಒಳ್ಳೇ ಹೊತ್ತಿಗೆ ಕೇಳಿದ್ದೀರಿ. ಮನೆಯಲ್ಲಿ ಏನಾದರೂ ಕೆಟ್ಟರೆ ಮಾರನೇ ದಿನವೇ ಮೇಸ್ತ್ರಿ ಕರೆಸುತ್ತೀರಿ. ಶಾಲೆಯಲ್ಲಿ ಒಂದು ಟೈಲ್ಸ್ ಒಡೆದರೆ ಅನುದಾನ ಬರುವವರೆಗೂ ಮಕ್ಕಳು ಅದರ ಮೇಲೇ ಓಡಾಡುತ್ತಿರುತ್ತಾರೆ. ಅದಕ್ಕೇ ಹತ್ತು ವರ್ಷ ಯಾರೂ ಕೈಹಾಕದಿದ್ದರೂ ತಡೆಯುವ ಸಾಮಾನು, ಕೆಟ್ಟರೆ ನಿಮ್ಮೂರ ಗಾರೆಯವರೇ ಸರಿಮಾಡಬಲ್ಲ ಸಾಮಾನು ಬೇಕು. ಅಂದ ಆಮೇಲಿನ ಮಾತು.

ಹೊಳಪಿನ ಟೈಲ್ಸ್ ಬೇಡ. ಬಿಸಿಯೂಟ ಆದ ಮೇಲೆ ಮಕ್ಕಳು ತಟ್ಟೆ ತೊಳೆದು ಒದ್ದೆ ಕಾಲಲ್ಲೇ ಓಡಿ ಬರುತ್ತವೆ, ನೀರು ಬಿದ್ದರೆ ಆ ಟೈಲ್ಸ್ ಜಾರುತ್ತದೆ. ಕೊಠಡಿ ಒಳಗೆ ಹೊಳಪಿಲ್ಲದ ಮ್ಯಾಟ್ ಟೈಲ್ಸ್ ಹಾಕಲಿ. ವರಾಂಡ, ಮೆಟ್ಟಿಲು, ಕೈತೊಳೆಯುವ ಜಾಗಕ್ಕೆ ಒರಟು ಮೈಯ ಗ್ರಾನೈಟ್ ಚಪ್ಪಡಿ ಆದರೆ ಇನ್ನೂ ಒಳ್ಳೆಯದು. ಟೈಲ್ಸೇ ಆದರೆ ಎರಡು ಬಾಕ್ಸ್ ಹೆಚ್ಚಿಗೆ ತರಿಸಿ ಸ್ಟೋರ್ ರೂಮಿನಲ್ಲಿ ಇಡಿಸಿ, ನಾಲ್ಕು ವರ್ಷ ಬಿಟ್ಟು ಹುಡುಕಿದರೆ ಅದೇ ಬಣ್ಣ ಸಿಗುವುದು ಕಷ್ಟ. ಹಾಕಿದ ಮೇಲೆ ನಾಣ್ಯದಿಂದ ತಟ್ಟಿ ನೋಡಿ. ಪೊಳ್ಳು ಸದ್ದು ಬಂದ ಕಡೆ ಕೆಳಗೆ ಗಾರೆ ತುಂಬಿಲ್ಲ, ಬೆಂಚಿನ ಕಾಲು ಕೂತರೆ ಅಲ್ಲೇ ಒಡೆಯುತ್ತದೆ. ಬಿಲ್ ಆಗುವ ಮುಂಚೆಯೇ ಅದನ್ನು ತೆಗೆಸಿ.

ಸ್ಲೈಡಿಂಗ್ ಕಿಟಕಿ ಎಷ್ಟು ತೆರೆದರೂ ಅರ್ಧವೇ ತೆರೆಯುತ್ತದೆ. ಮೂವತ್ತು ನಲವತ್ತು ಮಕ್ಕಳು ಕೂರುವ ಕೊಠಡಿಗೆ ಆ ಗಾಳಿ ಸಾಲದು. ಕೆಳಗಿನ ಹಳಿಯಲ್ಲಿ ಮಣ್ಣು ಕೂತರೆ ಗಾಲಿ ತಿರುಗುವುದಿಲ್ಲ. ಗ್ರಿಲ್ ಇರುವ, ಪೂರ್ತಿ ತೆರೆಯುವ ಕಬ್ಬಿಣದ ಕಿಟಕಿ ಕೇಳಿ. ವರಾಂಡದ ಕಡೆ ಮಾತ್ರ ಕಿಟಕಿಯ ಬಾಗಿಲು ಹೊರಕ್ಕೆ ತೆರೆಯುವಂತೆ ಇಡಬೇಡಿ, ಓಡುವ ಮಗುವಿನ ಹಣೆಗೆ ಸರಿಯಾಗಿ ಅದರ ಮೂಲೆ ತಗಲುತ್ತದೆ. ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಗಾಜು ಇದ್ದರೆ ಅದು ಟಫನ್ಡ್ ಗಾಜೇ (ಒಡೆದರೆ ಚೂಪು ಚೂರಾಗದೆ ಮೊಂಡು ಹರಳಾಗುವ ಗಾಜು) ಆಗಿರಲಿ.

ಕಂಬಿಗೆ ತಕ್ಕಡಿ ಸಾಕು. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಸಿಗುತ್ತದೆ. 12 ಎಂಎಂ ಕಂಬಿ ಮೀಟರಿಗೆ ಸುಮಾರು 0.89 ಕೆಜಿ, 12 ಮೀಟರಿನ ಪೂರ್ತಿ ಕಂಬಿ 10.6 ಕೆಜಿಯ ಆಸುಪಾಸು. ಸ್ವಲ್ಪ ಹೆಚ್ಚುಕಡಿಮೆಗೆ ಕಂಬಿಯ ಭಾರತೀಯ ಮಾನದಂಡ ಐಎಸ್ 1786 ಅವಕಾಶ ಕೊಡುತ್ತದೆ, ಆದರೆ 10 ಕೆಜಿಗೂ ಕಡಿಮೆ ತೂಗಿದರೆ ಇಳಿಸಿಕೊಳ್ಳಬೇಡಿ. ಕಂಬಿಯ ಮೈಮೇಲೆ ಕಂಪನಿಯ ಗುರುತು ಉಬ್ಬಾಗಿ ಇರಬೇಕು.

ಸಿಮೆಂಟ್ ಮೂಟೆಯ ಮೇಲೆ ಯಾವ ವರ್ಷ, ಎಷ್ಟನೇ ವಾರ ತಯಾರಾಯಿತು ಅಂತ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದರೆ ಪರೀಕ್ಷೆ ಮಾಡಿಸದೆ ಬಳಸಲು ಬಿಡಬೇಡಿ. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಲೈಸೆನ್ಸ್ ಯಾರದ್ದು, ಚಾಲ್ತಿಯಲ್ಲಿದೆಯಾ ಅಂತ ತೋರಿಸುತ್ತದೆ. ಮೋಲ್ಡಿಂಗ್ ದಿನ ಅದೇ ಕಾಂಕ್ರೀಟನ್ನು ಅಚ್ಚಿಗೆ ತುಂಬಿಸಿ ಪರೀಕ್ಷೆಗೆ ಕ್ಯೂಬ್ ತೆಗೆಸಿ, 28 ದಿನಕ್ಕೆ ಲ್ಯಾಬಿನಲ್ಲಿ ಒಡೆಸಿದ ವರದಿ ಕೇಳಿ ಪಡೆಯಿರಿ.

ಪ್ರಶ್ನೆ: ಸಿವಿಲ್ ಕಂಟ್ರಾಕ್ಟರ್, ಶ್ರೀರಂಗಪಟ್ಟಣ

ಸರ್, ತಪ್ಪು ತಿಳ್ಕೋಬೇಡಿ. ಎಸ್ಟಿಮೇಟಲ್ಲಿ ಏನಿದೆಯೋ ಅದನ್ನೇ ನಾವು ಹಾಕೋದು. ಗ್ರಾನೈಟ್ ಬೇಕು, ಬೇರೆ ಕಿಟಕಿ ಬೇಕು ಅಂತ ಆಮೇಲೆ ಹೇಳಿದ್ರೆ ದುಡ್ಡು ಯಾರು ಕೊಡ್ತಾರೆ?

ಉತ್ತರ

ನಿಮ್ಮ ಮಾತು ನ್ಯಾಯವಾಗಿದೆ. ಕೆಲಸ ಶುರುವಾದ ಮೇಲೆ ಐಟಂ ಬದಲಾಯಿಸಬೇಕಾದರೆ ಮೇಲಿನವರ ಒಪ್ಪಿಗೆ ಬೇಕು, ಬಾಯಿಮಾತಿನಲ್ಲಿ ಕಂಟ್ರಾಕ್ಟರ್ ತಲೆಗೆ ಕಟ್ಟುವುದು ಸರಿಯಲ್ಲ. ಅದಕ್ಕೇ ಎಲ್ಲ ಎಸ್‌ಡಿಎಂಸಿಯವರಲ್ಲೂ ಕೇಳಿಕೊಳ್ಳುತ್ತೇನೆ: ಎಸ್ಟಿಮೇಟ್ ತಯಾರಾಗುವಾಗಲೇ ನಿಮಗೆ ಏನು ಬೇಕು ಅಂತ ಎಂಜಿನಿಯರಿಗೆ ಬರವಣಿಗೆಯಲ್ಲಿ ಕೊಡಿ. ಇಂಥ ಕಂಪನಿಯದ್ದು ಅಂತ ಬರೆಯಬೇಡಿ. ಸರ್ಕಾರಿ ಖರೀದಿಗೆ ಕರ್ನಾಟಕದಲ್ಲಿರುವ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಕರೆಯುವ ಕೆಲಸ, ಎಲ್ಲರಿಗೂ ಸ್ಪರ್ಧೆಗೆ ಅವಕಾಶ ಇರಬೇಕು. "ನೀರು ಬಿದ್ದರೂ ಜಾರದ ನೆಲ, ಪೂರ್ತಿ ತೆರೆಯುವ ಕಿಟಕಿ, ಇಷ್ಟು ದಪ್ಪ, ಈ ಐಎಸ್ ನಂಬರ್" ಅಂತ ಗುಣ ಬರೆಯಿರಿ. ಮದ್ದೂರಿನ ಅಧ್ಯಕ್ಷರೇ, ಮ್ಯಾಟ್ ಟೈಲ್ಸ್ ವಿಷಯ ಅದೇ ಐಟಮ್ಮಿನೊಳಗೇ ಆಗಬಹುದು, ಮೊದಲು ಅದನ್ನು ಕೇಳಿ. ಕಿಟಕಿಗೆ ಇವತ್ತೇ ಪತ್ರ ಕೊಡಿ.

ಕರೆಂಟಿನ ವಿಷಯ ಇಲ್ಲಿ ಯಾರೂ ಎತ್ತಿಲ್ಲ, ನಾನೇ ಹೇಳುತ್ತೇನೆ. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ಸೋರುವ ಕರೆಂಟ್ ಮಗುವಿನ ಮೈಗೆ ಹರಿದರೆ ಥಟ್ಟನೆ ಲೈನ್ ಕಡಿಯುವ ಸ್ವಿಚ್ ಅದು. ಇದೊಂದರಲ್ಲಿ ಉಳಿತಾಯದ ಮಾತೇ ಬೇಡ.

ಪ್ರಶ್ನೆ: ಮುಖ್ಯ ಶಿಕ್ಷಕಿ, ಮೈಸೂರು

ನಮ್ಮದು ಮಹಾರಾಜರ ಕಾಲದ ಕಟ್ಟಡ. ದಪ್ಪ ಗೋಡೆ, ಸುಣ್ಣದ ಗಾರೆ. ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಒಳ್ಳೇ ಪೇಂಟೇ ಹೊಡೆಸಿದೆವು, ಎರಡು ಮಳೆಗಾಲಕ್ಕೆ ಉಬ್ಬಿ ಉದುರುತ್ತಿದೆ. ದಾನಿಗಳೊಬ್ಬರು ಮತ್ತೆ ಪೇಂಟ್ ಕೊಡಿಸುತ್ತೇನೆ ಅಂತಿದ್ದಾರೆ.

ಉತ್ತರ

ಮೇಡಂ, ಪೇಂಟ್ ಸದ್ಯಕ್ಕೆ ತಡೆಯಿರಿ. ಹಳೇ ಸುಣ್ಣದ ಗೋಡೆ ನೆಲದ ತೇವ ಹೀರುತ್ತದೆ, ಬಿಸಿಲಿಗೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್, ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಒಳಗೇ ಸಿಕ್ಕಿಹಾಕಿಕೊಂಡು ಗಾರೆಯನ್ನೇ ತಿನ್ನುತ್ತದೆ. ಮೊದಲು ತಾರಸಿಯ ನೀರಿನ ಪೈಪು, ಗೋಡೆ ಬುಡದ ಚರಂಡಿ ಸರಿಮಾಡಿಸಿ. ಆಮೇಲೆ ಸಿಮೆಂಟ್ ಪದರ ಕೀಳಿಸಿ ಸುಣ್ಣದ ಗಾರೆ, ಮೇಲೆ ಸುಣ್ಣ ಹೊಡೆಸಿ. ಸುಣ್ಣ ಅಂದರೆ ಬಡಕಲು ಸಾಮಾನು ಅಂತ ದಾನಿಗಳು ಮುಖ ಸಿಂಡರಿಸಿದರೆ ಹೇಳಿ: ನಮ್ಮ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ, ಇವತ್ತಿಗೂ ನೀರು ಹಿಡಿದು ನಿಂತಿದೆ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಗಳು ಮೈಸೂರಿನಲ್ಲಿ ಇನ್ನೂ ಇದ್ದಾರೆ, ಹುಡುಕಿ ಕರೆಸಿ.

ಕಿಟಕಿ ಬಾಗಿಲಿಗೆ ಬಣ್ಣ ಕೊಡಿಸಲಿ. ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅಂತ 2016ರ ನಿಯಮ ಇದೆ, 2017ರ ನವೆಂಬರಿನಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಅದನ್ನು ಓದಿಯೇ ತೆಗೆದುಕೊಳ್ಳಿ. ಹಳೇ ಬಣ್ಣದಲ್ಲಿ ಸೀಸ ಇದ್ದರೂ ಇರಬಹುದು, ಒಣಗಿದ್ದಾಗ ಉಜ್ಜಿದರೆ ಧೂಳು ಮಕ್ಕಳ ಹೊಟ್ಟೆ ಸೇರುತ್ತದೆ. ನೀರು ಹಾಕಿ ಉಜ್ಜಲಿ, ಅದೂ ರಜೆಯಲ್ಲಿ.

ಪ್ರಶ್ನೆ: ಪೋಷಕರು, ಪಾಂಡವಪುರ

ಸರ್, ನಮ್ ಮಕ್ಳು ಊಟ ಮಾಡೋ ಜಾಗಕ್ಕೆ ಹಳೇ ಆಸ್‌ಬೆಸ್ಟಾಸ್ ಶೀಟ್ ಐತೆ, ಬೇಸಿಗೇಲಿ ಕೂರಕ್ಕಾಗಲ್ಲ. ಶೀಟ್ ತೆಗೆದು ಗರಿ ಚಪ್ಪರ ಹಾಕನಾ ಅಂತವ್ರೆ ಕೆಲವ್ರು. ಇನ್ನು ಕೆಲವ್ರು ಒಳಗಡೆ ಥರ್ಮಾಕೋಲ್ ಅಂಟ್ಸನಾ ಅಂತವ್ರೆ.

ಉತ್ತರ

ಎರಡೂ ಬೇಡ ಅಣ್ಣ, ದಯವಿಟ್ಟು. 2004ರಲ್ಲಿ ಕುಂಭಕೋಣಂನ ಶಾಲೆಯಲ್ಲಿ ಗರಿಯ ಮಾಡಿಗೆ ಬೆಂಕಿ ಹತ್ತಿ 94 ಮಕ್ಕಳು ಹೋದರು. ಆ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಶಾಲೆಗಳ ಅಗ್ನಿ ಸುರಕ್ಷತೆ ಬಗ್ಗೆ 2009ರಲ್ಲಿ ಆದೇಶವೇ ಬಂತು. ಪಕ್ಕದಲ್ಲೇ ಅಡುಗೆ ಒಲೆ ಇರುವ ಜಾಗ ನಿಮ್ಮದು. ಥರ್ಮಾಕೋಲ್ ಕೂಡ ಬೇಗ ಹೊತ್ತಿಕೊಳ್ಳುತ್ತದೆ, ವಿಷದ ಹೊಗೆ ಬಿಡುತ್ತದೆ.

ಆಸ್‌ಬೆಸ್ಟಾಸ್ ನೂಲು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುತ್ತದೆ ಅನ್ನುವುದು ಸಾಬೀತಾಗಿದೆ. ಶೀಟು ಗಟ್ಟಿಯಾಗಿ ಇರುವವರೆಗೆ ಅಪಾಯ ಕಡಿಮೆ. ತೂತು ಕೊರೆದಾಗ, ಒಡೆದಾಗ, ಕುಯ್ದಾಗ ಆ ನೂಲು ಗಾಳಿಗೆ ಬರುತ್ತದೆ. ಅದಕ್ಕೇ ಫ್ಯಾನ್ ಕಟ್ಟಲು ತೂತು ಹಾಕಬೇಡಿ. ತೆಗೆಸುವುದಾದರೆ ದೊಡ್ಡ ರಜೆಯಲ್ಲಿ, ನೀರಿನಲ್ಲಿ ನೆನೆಸಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಲಿ. ಕೆಲಸದವರಿಗೆ ಒಳ್ಳೇ ಮಾಸ್ಕ್ ಕೊಡಿಸಿ. ಒಡೆದ ಚೂರನ್ನು ರಸ್ತೆ ಗುಂಡಿಗೆ ತುಂಬಬೇಡಿ. ಅದರ ಬದಲು ಮಂಗಳೂರು ಹೆಂಚು ಹಾಕಿಸಿದರೆ ತಂಪು, ಒಂದು ಒಡೆದರೆ ಒಂದನ್ನೇ ಬದಲಾಯಿಸಬಹುದು. ಹೆಂಚಿನ ತೂಕ ಶೀಟಿಗಿಂತ ಹೆಚ್ಚು, ಈಗ ಶೀಟು ಹೊತ್ತಿರುವ ಪೈಪು ತಡೆಯುತ್ತದಾ ಅಂತ ಎಂಜಿನಿಯರಿಗೆ ಒಮ್ಮೆ ತೋರಿಸಿ.

ಪ್ರಶ್ನೆ: ಶಿಕ್ಷಕರು, ಕೆ.ಆರ್. ಪೇಟೆ

ಸರ್, ಶೌಚಾಲಯದ ಬಾಗಿಲು ಕೆಳಗಡೆಯಿಂದ ಕೊಳೆತು ಹೋಗ್ತಿದೆ. ನಲ್ಲಿನೂ ಕಳ್ಳತನ ಆಗ್ತಿವೆ. ಹೆಣ್ಣುಮಕ್ಕಳು ಅಲ್ಲಿಗೆ ಹೋಗೋದನ್ನೇ ಬಿಟ್ಟಿದ್ದಾರೆ.

ಉತ್ತರ

ಗುರುಗಳೇ, ಇದನ್ನು ಎಲ್ಲಕ್ಕಿಂತ ಮೊದಲು ಮಾಡಿಸಿ. ಮರದ ಬಾಗಿಲು ಅಲ್ಲಿ ಬಾಳುವುದಿಲ್ಲ. ಚೌಕಟ್ಟು ಕಲ್ಲಿನದ್ದೋ ಸಿಮೆಂಟಿನದ್ದೋ ಇರಲಿ, ಬಾಗಿಲು ಎಫ್‌ಆರ್‌ಪಿ (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್), ಕೀಲು ಚಿಲಕ ಎಲ್ಲ ಸ್ಟೇನ್‌ಲೆಸ್ ಸ್ಟೀಲ್. ಕಳ್ಳರು ಹಿತ್ತಾಳೆ ನಲ್ಲಿ ಒಯ್ಯುವುದು ಗುಜರಿಗೆ ಮಾರಲು. ಐಎಸ್‌ಐ ಗುರುತಿನ ಪಿಟಿಎಂಟಿ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ನಲ್ಲಿ ಹಾಕಿಸಿ, ಗುಜರಿಯಲ್ಲಿ ಅದಕ್ಕೆ ಬೆಲೆ ಇಲ್ಲ. ಒಳಗಿನ ಚಿಲಕ ಒಂದನೇ ಕ್ಲಾಸಿನ ಮಗುವಿಗೂ ಎಟುಕಬೇಕು. ಕೂರಿಸುವ ಮುಂಚೆ ಒಬ್ಬ ಹುಡುಗಿಯನ್ನು ಕರೆದು ನಿಲ್ಲಿಸಿ, ಅವಳ ಕೈಗೆ ಎಟುಕುವ ಕಡೆ ಗುರುತು ಹಾಕಿ ಬಡಗಿಗೆ ತೋರಿಸಿ.